ಪಾಲಿನ ಕರ

'ಇಂಕ್ರಿಮೆಂಟು' ಎಂಬ ಶಬ್ದ ಕಿವಿಗೆ ಬಿದ್ದರೆ ನಿವೃತ್ತನಾದ ಮಾಸ್ತರನೂ ಕುಳಿತಲ್ಲೇ ನೆಟ್ಟಗಾಗುತ್ತಾನೆ. ಮೂವತ್ತೈದು ವರ್ಷ ನಾನು ಸಂಸಾರ ಮಾಡಿದ್ದು ಆ ಶಬ್ದದ ಆಸರೆಯಲ್ಲಿಯೇ. ವರ್ಷಕ್ಕೊಮ್ಮೆ ಅದು ಬರುವುದು. ಬರುವ ಮೊದಲೇ ಮನೆಯಲ್ಲಿ ಅದರ ವಿನಿಯೋಗ ಮುಗಿದಿರುವುದು. ಒಂದು ವರ್ಷ ಅದನ್ನು ನಂಬಿ ಸೈಕಲ್ಲು ಕೊಂಡೆವು, ಇನ್ನೊಂದು ವರ್ಷ ಹೊಲಿಗೆ ಯಂತ್ರ. ಸಂಬಳ ಹೋದ ವರ್ಷದಷ್ಟೇ ಇದೆ ಎಂದು ತಿಳಿದು ಮನೆ ನಡೆಸಬೇಕು, ಏರಿದಷ್ಟನ್ನು ಮಾತ್ರ ಸಾಲದ ಕಂತಿಗೆ ಕಟ್ಟಬೇಕು. ಇದು ನನ್ನ ಹೆಂಡತಿಯ ಅರ್ಥಶಾಸ್ತ್ರ. ಆ ಶಾಸ್ತ್ರಕ್ಕೆ ಅಮೆರಿಕದಲ್ಲಿ ದೊಡ್ಡದೊಂದು ಹೆಸರಿದೆ, ಅದನ್ನು ನಂಬಿ ಅಲ್ಲಿ ಊರಿನ ಪೇಟೆಗಳನ್ನೇ ಹೊಸದಾಗಿ ಕಟ್ಟುತ್ತಾರೆ ಎಂಬುದು ಮಾತ್ರ ನನಗೆ ಈ ಮಾಘದವರೆಗೆ ತಿಳಿದಿರಲಿಲ್ಲ.

ತಿಳಿಸಿಕೊಟ್ಟವನು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಕುಳಿತು ಊರುಗಳ ಜಮಾಖರ್ಚು ನೋಡುವ ಕೆಲಸ ಅವನದು. ತಂಗಿಯ ಲಗ್ನಪತ್ರಿಕೆ ಹಂಚಲೆಂದು ರಜೆ ಪಡೆದು ಬಾಗಲಕೋಟೆಗೆ ಬಂದಿದ್ದ. ಈಗಿನ ಹುಡುಗರ ರಜೆ ಎಂದರೆ ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಬರುವುದು. ಪತ್ರಿಕೆಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದವನು ನಡುವೆಯೇ ಒಂದು ನಕಾಶೆ ಬಿಚ್ಚಿದ. ನಮ್ಮ ಜಿಲ್ಲೆಯ ನಕಾಶೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ನಾಲ್ಕು ಊರುಗಳ ಸುತ್ತ ಪೆನ್ಸಿಲ್ಲಿನಿಂದ ನಾಲ್ಕು ಸುತ್ತುಗೆರೆ. ಸಣ್ಣ ಊರುಗಳ ಹಳೆಯ ಪೇಟೆಗಳನ್ನು ಹೇಗೆ ಎತ್ತಿ ನಿಲ್ಲಿಸಬಹುದು ಎಂದು ಅವನೊಂದು ಟಿಪ್ಪಣಿ ಬರೆಯಬೇಕಂತೆ. ಮಾದರಿಗೆ ತನ್ನ ಸೀಮೆಯನ್ನೇ ಆರಿಸಿಕೊಂಡಿದ್ದ.

"ಟ್ಯಾಕ್ಸ್ ಇಂಕ್ರಿಮೆಂಟ್ ಫೈನಾನ್ಸಿಂಗ್ ಅಂತಾರ ದೊಡ್ಡಪ್ಪಾ," ಎಂದ. "ಒಂದು ಹಳೇ ಪ್ಯಾಟಿ ಐತಿ ಅಂತ ತಿಳಿ. ಗಟಾರ ತುಂಬೈತಿ, ರಸ್ತಾ ಕೆಟ್ಟೈತಿ, ಅಂಗಡಿಕಾರರು ಒಬ್ಬೊಬ್ಬರ ಎದ್ದು ಹೊಂಟಾರ. ರಿಪೇರಿ ಮಾಡಾಕ ಊರಿನ ಕೈಯಾಗ ರೊಕ್ಕಿಲ್ಲ. ಎಲ್ಲಾರ ಪಟ್ಟಿ ಏರಸ್ತೀನಿ ಅಂದ್ರ ಜನ ಬಿಡೂದಿಲ್ಲ. ಅದಕ್ಕ ಆ ಪ್ಯಾಟಿ ಸುತ್ತ ಒಂದು ಗೆರಿ ಹೊಡಿಯೂದು. ಇವತ್ತು ಆ ಗೆರಿಯೊಳಗ ಎಷ್ಟು ಮನಿಪಟ್ಟಿ ಬರತೈತಿ, ಅದನ್ನ ಬರದಿಡೂದು. ಅಷ್ಟು ಎಂದಿನಂಗ ಊರಿನ ಖಜಾನಿಗೆ. ಆಮ್ಯಾಲೆ ಸಾಲ ಎತ್ತಿ ಕೆಲಸ ಮಾಡೂದು. ಪ್ಯಾಟಿ ಸುಧಾರಿಸಿದ ಮ್ಯಾಲೆ ಮನಿ, ಅಂಗಡಿ ಬೆಲಿ ಏರತೈತಿ, ಪಟ್ಟೀನೂ ಏರತೈತಿ. ಏರಿದ್ದಷ್ಟನ್ನ ಬ್ಯಾರೆ ಗಡಿಗ್ಯಾಗ ಹಾಕಿ, ಇಪ್ಪತ್ತು ಇಪ್ಪತ್ತೈದು ವರ್ಷದಾಗ ಆ ಸಾಲ ತೀರಸೂದು."

ಇದು ಶುರುವಾದದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಂದ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಸಂಸ್ಥಾನಗಳಿಗೂ ಹಬ್ಬಿತು. ಹಬ್ಬಿಸಿದ ಕ್ಯಾಲಿಫೋರ್ನಿಯಾವೇ 2012ರಲ್ಲಿ ಅದನ್ನು ನಡೆಸುತ್ತಿದ್ದ ಮಂಡಲಿಗಳನ್ನೆಲ್ಲ ಮುಚ್ಚಿತು. ನಮ್ಮ ದೇಶದಲ್ಲಿ 2017ರಲ್ಲಿ ಕೇಂದ್ರದ ನಗರಾಭಿವೃದ್ಧಿ ಮಂತ್ರಾಲಯ, ಭೂಮಿಯ ಬೆಲೆ ಏರಿದಾಗ ಅದರಲ್ಲಿ ಊರು ಹೇಗೆ ಪಾಲು ಪಡೆಯಬಹುದು ಎಂದು ತೋರಿಸುವ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದರ ಪಟ್ಟಿಯಲ್ಲಿ ಇದೂ ಒಂದು.

ಒಂದು ಕೆಲಸಕ್ಕೆಂದೇ ಎತ್ತಿದ ಹಣವನ್ನು ಬೇರೆ ಗಡಿಗೆಯಲ್ಲಿ ಹಾಕುವುದು ನಮಗೇನೂ ಹೊಸದಲ್ಲ. ಓದುಗರೇ, ನೀವು ನಿಮ್ಮ ಮನೆಪಟ್ಟಿಯ ರಸೀದಿಯನ್ನು ಎಂದಾದರೂ ಪೂರ್ತಿ ಓದಿದ್ದೀರಾ? ನಾನು ಓದಿದ್ದೇನೆ, ನಿವೃತ್ತನಿಗೆ ಓದಲು ಏನಾದರೊಂದು ಬೇಕು. ತೆರಿಗೆಯ ಮೇಲೆ ಆರೋಗ್ಯದ ಹೆಸರಿನಲ್ಲಿ ಶೇ. 15, ಗ್ರಂಥಾಲಯದ ಹೆಸರಿನಲ್ಲಿ ಶೇ. 6, ಭಿಕ್ಷುಕರ ಹೆಸರಿನಲ್ಲಿ ಶೇ. 3 ಉಪಕರ ಕಟ್ಟುತ್ತೇವೆ. ಬೇಡುವವನಿಗಿಂತ ಓದುವವನಿಗೆ ಎರಡರಷ್ಟು ಎತ್ತಿಟ್ಟ ಸರಕಾರವನ್ನು ಮಾಸ್ತರನಾದ ನಾನು ಮನಸಾರೆ ಹರಸಿದ್ದೇನೆ.

ಹೀಗೆ ನಾವು ಮಾತಾಡುತ್ತಿರುವಾಗ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನನ್ನ ಅಕ್ಕ ತಲೆಯೆತ್ತಿದಳು. ಎಂಬತ್ತು ದಾಟಿದವಳು, ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಸಾರ ಮಾಡಿ ಈಗ ನಮ್ಮಲ್ಲಿದ್ದಾಳೆ.

"ಇದರಾಗ ಹೊಸಾದೇನೈತೋ ತಮ್ಮಾ? ಕರ ಪಾಲಿಗೆ ಕೊಟ್ಟಂಗಾತು."

ನಮ್ಮ ಕಡೆ ಕರುವಿಗೆ ಕರ ಎನ್ನುತ್ತಾರೆ. ಸರಕಾರ ತೆರಿಗೆಗೆ ಕರ ಎನ್ನುತ್ತದೆ. ಅಕ್ಕನಿಗೆ ಕೇಳಿಸಿದ್ದು ಯಾವುದೋ, ಅವಳು ಹೇಳಿದ್ದು ಮಾತ್ರ ಸರಿಯಾಗಿತ್ತು. ದನ ಕಟ್ಟಲು ಜಾಗವಿಲ್ಲದವನೋ, ಮೇಯಿಸಲು ಆಳಿಲ್ಲದವನೋ ತನ್ನ ಎಮ್ಮೆಯ ಕರವನ್ನು ಇನ್ನೊಬ್ಬರಿಗೆ ಸಾಕಲು ಕೊಡುತ್ತಾನೆ. ಕೊಡುವ ದಿನ ಇಬ್ಬರು ಹಿರಿಯರನ್ನು ಕೂರಿಸಿ ಅದಕ್ಕೊಂದು ಬೆಲೆ ಕಟ್ಟುತ್ತಾರೆ. ಎರಡು ಮೂರು ವರ್ಷ ಕಳೆದು ಕರ ಬೆಳೆದ ಮೇಲೆ ಮತ್ತೆ ಬೆಲೆ ಕಟ್ಟುವುದು. ಮೊದಲಿನ ಬೆಲೆ ಒಡೆಯನದು. ಏರಿದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಸಾಕಿದವನಿಗೆ. ಅಕ್ಕ ತನ್ನ ಕಾಲದಲ್ಲಿ ಹೀಗೆ ಏಳೆಂಟು ಕರ ಸಾಕಿದವಳು.

"ನಡುವ ಸಗಣಿ ಯಾರದು ಅತ್ತಿ?" ಎಂದು ಹುಡುಗ ನಗುತ್ತ ಕೇಳಿದ.

"ಸಾಕಿದಾಕೀದು. ಮತ್ಯಾರದು? ಕರ ಸತ್ತರ ಇಬ್ಬರಿಗೂ ಸತ್ತಂಗ," ಎಂದು ಅಕ್ಕ ಮತ್ತೆ ಅವರೆಕಾಯಿಗೆ ತಿರುಗಿದಳು.

ಮರುದಿನ ಬೆಳಗಿನ ಜಾವ ಹುಡುಗನ ಕಾರಿನಲ್ಲಿ ಪತ್ರಿಕೆ ಹಂಚಲು ಹೊರಟೆವು. ಬಾದಾಮಿಗೆ ಹೋಗಿ, ಪಟ್ಟದಕಲ್ಲು ಐಹೊಳೆಯ ಮೇಲೆ ಅಮೀನಗಡ ಹಿಡಿದು, ಹುನಗುಂದ ಮುಗಿಸಿ ಇಳಕಲ್ಲಿನಲ್ಲಿ ಸೀರೆ ಕೊಂಡು ಮರಳುವುದು ಎಂದು ಗೊತ್ತುಮಾಡಿದ್ದೆವು. ಅವನ ನಾಲ್ಕು ಸುತ್ತುಗೆರೆಗಳಿಗೂ ನಮ್ಮ ನೆಂಟಸ್ತಿಕೆಗೂ ಒಂದೇ ದಾರಿ.

ಮೊದಲು ಹಳೆಯ ಬಾಗಲಕೋಟೆಗೆ ಹೋದೆವು. ಈಗ ನಾವಿರುವುದು ನವನಗರದಲ್ಲಿ, ಸೆಕ್ಟರಿನ ನಂಬರು ಹೇಳಿದರೆ ಸಿಗುವ ಮನೆಯಲ್ಲಿ. ಹುಟ್ಟಿದ್ದು ಮಾತ್ರ ಘಟಪ್ರಭೆಯ ಕಡೆಗಿನ ಒಂದು ಓಣಿಯಲ್ಲಿ. ಅದು ಈಗ ಹಿನ್ನೀರಿನ ಪಾಲು. ಹಳೆಯ ಊರು ಪೂರ್ತಿ ಮುಳುಗಲಿಲ್ಲ. ತಗ್ಗಿನ ಓಣಿಗಳು ಹೋದವು, ಪೇಟೆ ಉಳಿಯಿತು. ಹುಡುಗನ ನಕಾಶೆಯಲ್ಲಿ ಸುತ್ತುಗೆರೆ ಇದ್ದದ್ದು ಉಳಿದ ಆ ಪೇಟೆಯ ಮೇಲೆ. ನೀರಿನ ಅಂಚಿನಲ್ಲಿ ನಿಂತು, "ಅಲ್ಲಿ ನಿಮ್ಮಜ್ಜನ ಮನಿ ಇತ್ತು," ಎಂದು ಕೈ ಮಾಡಿ ತೋರಿಸಿದೆ. ತೋರಿಸಿದ ಕಡೆ ಎರಡು ಬೆಳ್ಳಕ್ಕಿ ಕುಳಿತಿದ್ದವು.

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಐದು ದಿನಕ್ಕೆ ನೆಹರೂ ತೀರಿಕೊಂಡರು. ಇನ್ನೆರಡು ವಾರಕ್ಕೆ ಶಾಸ್ತ್ರಿಗಳೇ ಪ್ರಧಾನಿಯಾದರು. ದೇಶಕ್ಕೆ ಆ ಮೇ ತಿಂಗಳು ನೆನಪಿರುವುದು ಒಂದು ಕಾರಣಕ್ಕೆ, ನಮ್ಮ ಮನೆಗೆ ಇನ್ನೊಂದು ಕಾರಣಕ್ಕೆ. ಮಣ್ಣಿನ ಮಾಳಿಗೆಗೆ ವರ್ಷವರ್ಷವೂ ಮಳೆಗೆ ಮೊದಲು ಹೊಸ ಮಣ್ಣು ಹಾಕಿ ಬಡಿಯಬೇಕು. ಅಡಿಗಲ್ಲು ಬಿದ್ದ ಕೆಲವು ವರ್ಷಗಳಲ್ಲೇ ಅಪ್ಪ ಅದನ್ನು ನಿಲ್ಲಿಸಿದ. "ಮುಳುಗೂ ಮನಿಗೆ ಮಣ್ಣು ಯಾಕ?" ಸೋರಿದಲ್ಲಿ ತಗಡು ಬಂತು, ಒಡೆದಲ್ಲಿ ಗೋಣಿಚೀಲ ಬಂತು. ನನ್ನ ಲಗ್ನದ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಕೇಳಿದ ಮೊದಲನೆಯ ಪ್ರಶ್ನೆ ಸಂಬಳ ಎಷ್ಟು ಎಂದಲ್ಲ, "ಮನಿ ಇನ್ನ ಎಷ್ಟು ವರ್ಷ ಐತಿ?" ಎಂದು. ಆ ಪ್ರಶ್ನೆಗೆ ಆಗ ಯಾರಲ್ಲೂ ಉತ್ತರವಿರಲಿಲ್ಲ. 1983ರಲ್ಲಿ ಬಾಗಲಕೋಟೆಯ ಪಟ್ಟಣಾಭಿವೃದ್ಧಿ ಪ್ರಾಧಿಕಾರಕ್ಕೆಂದೇ ಒಂದು ಕಾಯ್ದೆ ಬಂತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿ, ಸಾಲಪತ್ರಗಳನ್ನು ಮಾರಿ ಅಣೆಕಟ್ಟಿಗೆ ಹಣ ಎತ್ತಿತು. ಅಡಿಗಲ್ಲಿನಿಂದ ನೀರಿನವರೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಓಣಿಯಲ್ಲಿ ಯಾರೂ ಮನಸ್ಸಿಟ್ಟು ಒಂದು ಕಿಟಕಿ ಕೂಡಿಸಲಿಲ್ಲ.

"ನೀವು ಬೆಲಿ ಬರದಿಡೂದು ಅಂದಿ ನೋಡು," ಎಂದು ಹುಡುಗನಿಗೆ ಹೇಳಿದೆ. "ನಮ್ಮ ಮನಿ ಬೆಲೀನೂ ಬರದಿಟ್ಟಿದ್ರು."

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಪ್ರಕಟಣೆ ಹೊರಬಿದ್ದ ದಿನ ಪೇಟೆಯಲ್ಲಿ ಏನು ಬೆಲೆ ಇತ್ತೋ ಅದೇ ಬೆಲೆ. ಯಾವ ಕೆಲಸಕ್ಕೆ ಭೂಮಿ ತೆಗೆದುಕೊಂಡರೋ ಆ ಕೆಲಸದಿಂದ ಬೆಲೆ ಏರುವಂತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಆ ಕಾಯ್ದೆಯಲ್ಲಿ ಬಿಡಿಸಿ ಬರೆದಿತ್ತು. ಅಮೆರಿಕದವರು ಬೆಲೆಯನ್ನು ಬರೆದಿಡುವುದು ಏರಿಕೆಯನ್ನು ಅಳೆಯಲಿಕ್ಕೆ. ನಮ್ಮಲ್ಲಿ ಬರೆದಿಟ್ಟದ್ದು ಏರಿಕೆಯನ್ನು ಕೊಡದಿರಲಿಕ್ಕೆ. ಏರಿಕೆಯೇನೋ ಆಯಿತು. ವಿಜಯಪುರ, ರಾಯಚೂರು, ಯಾದಗಿರಿ ಕಡೆಯ ಹೊಲಗಳು ಹಸಿರಾದವು. ಆಲಮಟ್ಟಿಯಲ್ಲಿ 290 ಮೆಗಾವಾಟಿನ ವಿದ್ಯುದಾಗಾರ ಎದ್ದಿತು. ಒಳ್ಳೆಯದೇ ಆಯಿತು, ನೀರು ಕಂಡವನ ಸಂತೋಷಕ್ಕೆ ನಾನು ಹೊಟ್ಟೆಕಿಚ್ಚು ಪಡುವವನಲ್ಲ. ಆದರೆ ಸುತ್ತುಗೆರೆ ಹೊಡೆಯುವವರು ಒಂದು ಮಾತು ನೆನಪಿಡಬೇಕು. ಬೆಲೆ ಬಿದ್ದದ್ದು ಒಂದು ಕಡೆ, ಏರಿದ್ದು ನೂರು ಮೈಲಿ ಆಚೆ. ಎರಡನ್ನೂ ಒಳಗೊಳ್ಳುವ ಗೆರೆಯನ್ನು ಯಾರೂ ಹೊಡೆಯಲಿಲ್ಲ. 2013ರ ಹೊಸ ಕಾಯ್ದೆ ಸ್ವಲ್ಪ ಕಣ್ಣು ತೆರೆಯಿತು: ತೆಗೆದುಕೊಂಡ ಭೂಮಿಯನ್ನು ಯಾವ ಸುಧಾರಣೆಯನ್ನೂ ಮಾಡದೆ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಕೊಟ್ಟರೆ, ಹೆಚ್ಚಿದ್ದರಲ್ಲಿ ಶೇ. 40 ಮೊದಲಿನ ಒಡೆಯರಿಗೆ ಸೇರಬೇಕು ಎಂದಿತು. ನಮ್ಮ ಮನೆಗೆ ಅದು ತಡವಾಗಿ ಬಂತು.

ಉಳಿದ ಹಳೆಯ ಪೇಟೆಗೂ ನೀರಿನ ಹೆದರಿಕೆ ತಪ್ಪಿಲ್ಲ. 519.6 ಮೀಟರಿನ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಹೇಳಿದೆ. ಅರ್ಧ ಶತಮಾನ ಹೊಟ್ಟೆಗಿಲ್ಲದೆ ಬಡಕಲಾದ ಕರಕ್ಕೆ ಇಂದು ಬೆಲೆ ಕಟ್ಟಿದರೆ ಆ ಬೆಲೆ ಕಡಿಮೆಯೇ ಇರುತ್ತದೆ. ನಾಳೆ ಅದು ನಾಲ್ಕು ದಿನ ಹುಲ್ಲು ತಿಂದು ತುಸು ಮೈ ತುಂಬಿಕೊಂಡರೂ ಎಲ್ಲವೂ ಸಾಕಿದವನ ಪುಣ್ಯವೆಂದು ಕಾಣುತ್ತದೆ. ಯಾವ ದಿನದ ಬೆಲೆಯನ್ನು ಬರೆದಿಡಬೇಕು ಎಂಬುದು ಲೆಕ್ಕಿಗನ ಪ್ರಶ್ನೆಯಂತೆ ತೋರುತ್ತದೆ. ನಮ್ಮೂರಲ್ಲಿ ಅದು ನ್ಯಾಯದ ಪ್ರಶ್ನೆ.

ಬಾದಾಮಿಯಲ್ಲಿ ನಮ್ಮ ಮಾವನೊಬ್ಬನ ಮನೆ ಅಗಸ್ತ್ಯ ತೀರ್ಥದ ಹತ್ತಿರ. ಪತ್ರಿಕೆ ತೆಗೆದುಕೊಂಡು, ಅವಲಕ್ಕಿ ಕೊಟ್ಟು, ಕುಳಿತ ಕೂಡಲೇ ಆತ ತನ್ನ ಗೋಳು ತೆಗೆದ. ಮೊಮ್ಮಕ್ಕಳಾದವು, ಮೇಲೊಂದು ಕೋಲಿ ಕಟ್ಟಬೇಕು, ಕಟ್ಟುವಂತಿಲ್ಲ. "ನಮ್ಮನಿಗೆ ಪುಲಿಕೇಶಿ ಅಡ್ಡ ನಿಂತಾನಪಾ," ಎಂದ. 2010ರ ತಿದ್ದುಪಡಿಯಾದ ಮೇಲೆ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವಿಲ್ಲ. ಅದರಾಚೆ ಇನ್ನೂ 200 ಮೀಟರು ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ. ಬಾದಾಮಿಯಂಥ ಊರಿನಲ್ಲಿ ಸ್ಮಾರಕವಿಲ್ಲದ 100 ಮೀಟರು ಹುಡುಕುವುದೇ ಕಷ್ಟ. ನಿಯಮ ತಪ್ಪೆಂದು ನಾನು ಹೇಳಲಾರೆ. ಗುಡಿ ಹೋದರೆ ಮತ್ತೆ ಬರುವುದಿಲ್ಲ. ಕೋಲಿ ಇಲ್ಲದೆಯೂ ಮೊಮ್ಮಕ್ಕಳು ಬೆಳೆಯುತ್ತವೆ.

ಆದರೆ ಹುಡುಗನ ಲೆಕ್ಕ ಇಲ್ಲಿ ತೊಡಕಿಗೆ ಬಂತು. ಕಟ್ಟಡ ಏರದ ಕಡೆ ಪಟ್ಟಿ ಏರುವುದು ಹೇಗೆ? ಊರಿನ ಅತ್ಯಂತ ಬೆಲೆಬಾಳುವ ಆಸ್ತಿ ಎಂದರೆ ಆ ಕೆಂಪು ಬಂಡೆ, ಆ ಗುಹೆಗಳು. ಕೇಂದ್ರ ಸರಕಾರದ ಆಸ್ತಿಗೆ ರಾಜ್ಯವಾಗಲಿ ಊರಾಗಲಿ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 285ನೆಯ ವಿಧಿ ಹೇಳುತ್ತದೆ. ಗುಹೆ ನೋಡುವ ಟಿಕೇಟಿನ ಹಣ ಪುರಾತತ್ವ ಇಲಾಖೆಗೆ. ನೋಡಿದವರು ಬಿಟ್ಟುಹೋದ ನೀರಿನ ಬಾಟಲಿ ಊರಿಗೆ. 2015ರಲ್ಲಿ ಕೇಂದ್ರದ 'ಹೃದಯ' ಯೋಜನೆ ದೇಶದ ಹನ್ನೆರಡು ಊರುಗಳನ್ನು ಆರಿಸಿದಾಗ ಬಾದಾಮಿಯೂ ಅದರಲ್ಲಿತ್ತು. 2019ಕ್ಕೆ ಆ ಯೋಜನೆ ಮುಗಿಯಿತು.

ಬಂದವರು ಗುಹೆ ನೋಡದೆ ಹೋಗಬಾರದೆಂದು ಮೂರನೆಯ ಗುಹೆಯವರೆಗೆ ಹತ್ತಿದೆವು. ಕ್ರಿ.ಶ. 578ರಲ್ಲಿ ಮಂಗಲೇಶ ಇದನ್ನು ಮುಗಿಸಿದಾಗ ಬರೆಯಿಸಿದ ಶಾಸನ ಅಲ್ಲಿದೆ. ವಿಷ್ಣುವಿನ ಈ ಗುಡಿಯ ಸೇವೆಗೆಂದು ಒಂದು ಹಳ್ಳಿಯನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಇಂಥ ಊರಿನ ಹುಟ್ಟುವಳಿ ಇಂಥ ಕೆಲಸಕ್ಕೇ ಸಲ್ಲಬೇಕು ಎಂದು ಕಲ್ಲಿನಲ್ಲಿ ಬರೆದಿಟ್ಟ ಮಾತು! ಹುಡುಗ ಬಹಳ ಹೊತ್ತು ಅಲ್ಲಿಯೇ ನಿಂತ. ಕೆಳಗಿಳಿಯುವಾಗ ಹೇಳಿದ: ಗೆರೆಯನ್ನು ಓಣಿಗಳ ಸುತ್ತ ಹೊಡೆದರೆ ಏನೂ ಹುಟ್ಟುವುದಿಲ್ಲ, ಗುಹೆಯನ್ನು ನಂಬಿ ದೊಡ್ಡ ರಸ್ತೆಯಲ್ಲಿ ಎದ್ದಿರುವ ಲಾಡ್ಜುಗಳನ್ನೂ ಒಳಗೆ ತರಬೇಕು. ಲಾಡ್ಜು ಮಾಳಿಗೆಯ ಮೇಲೆ ಮಾಳಿಗೆ ಎತ್ತಬಹುದು, ಮಾವ ಎತ್ತುವಂತಿಲ್ಲ. ಮಾವ ಎತ್ತದಿರುವುದರಿಂದಲೇ ಲಾಡ್ಜು ತುಂಬುತ್ತದೆ. ಹಾಗಿದ್ದ ಮೇಲೆ ಅಲ್ಲಿಯ ಏರಿಕೆಯಿಂದ ಇಲ್ಲಿಯ ಗಟಾರ ಕಟ್ಟಿಸುವುದು ದಾನವಲ್ಲ, ಸಾಲ ತೀರಿಸುವುದು. ಹುಡುಗನ ಬುದ್ಧಿ ಸರಿಯಾದ ದಾರಿಗೆ ಬರುತ್ತಿದೆ ಎನ್ನಿಸಿತು.

ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ದಂಡೆಗೆ ಚಹಾಕ್ಕೆ ನಿಂತೆವು. ಹೊಳೆಯಲ್ಲಿ ಮೊಣಕಾಲುದ್ದ ನೀರು. ಆ ನೀರು ಕಂಡರೆ ನಮ್ಮ ತಲೆಮಾರಿನವರಿಗೆ 1980 ನೆನಪಾಗದೆ ಇರುವುದಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಈ ಹೊಳೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದರು. ಕಾಲುವೆ ಬಂದ ಮೇಲೆ ಹೊಲದ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಸರಕಾರಕ್ಕೂ ಪಾಲು ಬರಬೇಕು ಎಂದು ರೈತರ ಮೇಲೆ 'ಬೆಟರ್‌ಮೆಂಟ್ ಲೆವಿ' ಹಾಕಿದರು. ತರ್ಕ ತಪ್ಪೇನಲ್ಲ, ಹುಡುಗನ ಶಾಸ್ತ್ರಕ್ಕೆ ಅದು ದೊಡ್ಡಪ್ಪನ ಮಗನೇ. ಆದರೆ ನೀರು ಮುಟ್ಟದ ಹೊಲಕ್ಕೂ ಕರ ಕೇಳಿದರು; ನೀರು ನಿಂತು ಸವಳು ಹಿಡಿದ ಹೊಲಕ್ಕೂ ಕೇಳಿದರು. ಹತ್ತಿಯ ಧಾರಣೆ ಬಿದ್ದ ಕಾಲ ಬೇರೆ. ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರು ಸಿಡಿದೆದ್ದರು, ಗೋಲೀಬಾರಾಯಿತು, ರೈತರು ಸತ್ತರು. ಕರ್ನಾಟಕದ ರೈತ ಸಂಘ ಬೆಳೆದದ್ದು ಆ ನೆತ್ತರಿನಿಂದ. ಇಂದಿಗೂ ಆ ದಿನ ಅಲ್ಲಿ ಹುತಾತ್ಮರಿಗೆ ಹೂ ಏರಿಸುತ್ತಾರೆ.

"ಕರ ಬೆಳಿಯೂ ಮೊದಲ ಪಾಲು ಕೇಳಿದ್ರು," ಎಂದೆ.

"ನಮ್ಮ ಪದ್ಧತಿಯೊಳಗ ಹಂಗಿಲ್ಲ ದೊಡ್ಡಪ್ಪಾ. ಏರಿದ ಮ್ಯಾಲೆ ತಗೊಳ್ಳೂದು," ಎಂದ ಹುಡುಗ. ತುಸು ಹೊತ್ತು ಬಿಟ್ಟು ತಾನೇ ಮುಂದುವರಿಸಿದ: "ಆದರ ಸಾಲ ಮೊದಲ ಎತ್ತಿರ್ತೀವಿ."

ಅದೇ ಮಾತು. ಸಾಲ ಕೊಟ್ಟವನು ಕರ ಬೆಳೆಯಿತೋ ಇಲ್ಲವೋ ನೋಡುವುದಿಲ್ಲ. ಅವನಿಗೆ ಕಂತು ಬೇಕು. ನಮ್ಮಲ್ಲಿ ಬೆಲೆ ಓಡಿದಂತೆ ಪಟ್ಟಿ ಓಡುವುದೂ ಇಲ್ಲ. ಸರಕಾರದ ಮಾರ್ಗಸೂಚಿ ಬೆಲೆಯ ಒಂದಂಶದ ಮೇಲೆ ಪಟ್ಟಿ ಹಾಕಿ, ವರ್ಷಕ್ಕೆ ಶೇ. 3ರಿಂದ 5ರಷ್ಟು ಏರಿಸುತ್ತ ಹೋಗುವುದು 2021ರ ಈಚಿನ ಕ್ರಮ. ಎಣಿಸಿದಷ್ಟು ಏರಿಕೆ ಬಾರದೆ ಹೋದರೆ ಆ ಕಂತು ಊರಿನ ಮೂಲ ಗಡಿಗೆಯಿಂದಲೇ ಹೋಗಬೇಕು, ಅಂದರೆ ಗೆರೆಯ ಹೊರಗೆ ಇರುವವನ ನಲ್ಲಿ, ದೀಪ, ರಸ್ತೆಗಳಿಂದ. ಅಕ್ಕನ ಧರ್ಮದಲ್ಲಿ ಕರ ಸತ್ತರೆ ಇಬ್ಬರಿಗೂ ಸತ್ತಂತೆ. ಸಾಲಪತ್ರದ ಧರ್ಮದಲ್ಲಿ ಅದು ಒಬ್ಬನಿಗೆ ಮಾತ್ರ ಸಾಯುತ್ತದೆ.

ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತಾಗ ಅರ್ಥಶಾಸ್ತ್ರಕ್ಕೆ ಬಿಡುವು ಸಿಕ್ಕಿತು. ಅಲ್ಲಿಂದ ಹುನಗುಂದ ಅರ್ಧ ತಾಸಿನ ದಾರಿ. ಅಕ್ಕನ ಮೈದುನನ ಮಗ ಹೆದ್ದಾರಿಯ ಪಕ್ಕ ತನ್ನ ಎರಡೆಕರೆ ಹೊಲವನ್ನು ಎನ್.ಎ. ಮಾಡಿಸಿ ಪ್ಲಾಟು ಹಾಕಿದ್ದಾನೆ. ಜೋಳ ಬೆಳೆಯುತ್ತಿದ್ದಲ್ಲಿ ಈಗ ಬಿಳಿ ಕಲ್ಲು ನೆಟ್ಟಿದೆ. ಸೊಲ್ಲಾಪುರ, ವಿಜಯಪುರದಿಂದ ಹೊಸಪೇಟೆಗೆ ಹೋಗುವ ರಸ್ತೆ ಅಗಲವಾಗಿ ನಾಲ್ಕು ಸಾಲಾದ ಮೇಲೆ ಅವನ ಹೊಲದ ಬೆಲೆ ಅವನಿಗೇ ನಂಬಲಾರದಷ್ಟು ಏರಿದೆಯಂತೆ. ಎಷ್ಟು ಎಂದು ಕೇಳಿದರೆ ನಕ್ಕು ಚಹಾ ಮುಂದೆ ಮಾಡಿದ. ನಮ್ಮಲ್ಲಿ ಭೂಮಿಯ ಬೆಲೆ ಹೇಳುವಾಗ ಎಲ್ಲರೂ ಹೀಗೆಯೇ ನಗುತ್ತಾರೆ.

ಈ ಏರಿಕೆಗೆ ಊರಿನ ಪೇಟೆ ಏನು ಮಾಡಿದೆ? ಏನೂ ಇಲ್ಲ, ರಸ್ತೆ ಮಾಡಿದ್ದು ರಾಷ್ಟ್ರೀಯ ಹೆದ್ದಾರಿಯವರು. ನಾವು ಗಟಾರ ಕಟ್ಟಿ ದೀಪ ಹಾಕಿ, ಐದು ವರ್ಷ ಕಳೆದು, "ನೋಡಿರಿ, ನಮ್ಮ ಕೆಲಸದಿಂದ ಬೆಲೆ ಏರಿತು," ಎಂದರೆ ಅದು ತಾನಾಗಿ ಮೇಯ್ದು ಬಂದ ಕರಕ್ಕೆ ಪಾಲು ಕೇಳಿದಂತೆ. ಅಮೆರಿಕದಲ್ಲಿಯೂ ಈ ತಕರಾರು ದೊಡ್ಡದು ಎಂದು ಹುಡುಗ ಹೇಳಿದ. ಈ ಕೆಲಸ ಮಾಡದಿದ್ದರೆ ಇಲ್ಲಿ ಬೆಳವಣಿಗೆ ಆಗುತ್ತಲೇ ಇರಲಿಲ್ಲ ಎಂದು ಮೊದಲು ತೋರಿಸಬೇಕಂತೆ. ತೋರಿಸುವವರು ಗೆರೆ ಹೊಡೆಯುವವರೇ ಆದ್ದರಿಂದ ತೋರಿಸುವುದು ಕಷ್ಟವಾಗುವುದಿಲ್ಲವಂತೆ. ಮಾಸ್ತರನ ಮನಸ್ಸಿಗೆ ನೋವಾದದ್ದು ಅವನ ಇನ್ನೊಂದು ಮಾತು. ಅಲ್ಲಿ ಶಾಲೆಗಳು ನಡೆಯುವುದು ಬಹಳ ಮಟ್ಟಿಗೆ ಮನೆಪಟ್ಟಿಯ ಹಣದಿಂದ. ಗೆರೆಯೊಳಗಿನ ಏರಿಕೆಯೆಲ್ಲ ಬೇರೆ ಗಡಿಗೆಗೆ ಹೋದರೆ ಇಪ್ಪತ್ತು ವರ್ಷ ಶಾಲೆಗೆ ಹಳೆಯ ಪಟ್ಟಿಯೇ ಗತಿ. ಮಕ್ಕಳು ಹೆಚ್ಚುತ್ತವೆ, ಪಟ್ಟಿ ಹೆಚ್ಚುವುದಿಲ್ಲ. ನನ್ನ ಹೆಂಡತಿ ಇಂಕ್ರಿಮೆಂಟನ್ನು ಸಾಲದ ಕಂತಿಗೆ ಕಟ್ಟಿದ ವರ್ಷಗಳಲ್ಲಿ ಮಕ್ಕಳ ಅಂಗಿ ಮೊಣಕೈ ಮೇಲೆ ಬಂದದ್ದು ನೆನಪಾಯಿತು.

ಇಳಕಲ್ಲು ಮುಟ್ಟಿದಾಗ ಹೊತ್ತು ಇಳಿದಿತ್ತು. ಕೆಂಪು ಗ್ರಾನೈಟು ತುಂಬಿದ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಊರೊಳಗೆ ಬಂದೆವು. ಈ ಊರಿಗೆ ಎರಡು ಸಂಪತ್ತು, ನೆಲದೊಳಗಿನ ಕಲ್ಲು ಮತ್ತು ಕೈಯೊಳಗಿನ ನೂಲು. ನಮ್ಮ ಮನೆಯ ಲಗ್ನಗಳಿಗೆ ಮೂವತ್ತು ವರ್ಷದಿಂದ ಸೀರೆ ನೇಯ್ದುಕೊಡುವವರೊಬ್ಬರಿದ್ದಾರೆ; ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಬಾಡಿಗೆಯ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ. ಇಳಕಲ್ಲ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ ಎಂದು ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಆಮೇಲೆ ಟೋಪತೆನಿ ಏಳುತ್ತದೆ. ಒಂದೊಂದು ಸೀರೆಗೂ ಈ ಕೊಂಡಿ ಹೊಸದಾಗಿ ಆಗಬೇಕು.

ಹುಡುಗ ಅವರೊಡನೆ ತನ್ನ ಯೋಜನೆ ಹೇಳಿದ. ಈ ಓಣಿಗೆ ಕಲ್ಲು ಹಾಸುತ್ತಾರೆ, ದೀಪ ಬರುತ್ತದೆ, ಹೊರಗಿನವರು ಬಂದು ಮಗ್ಗ ನೋಡಿ ಸೀರೆ ಕೊಳ್ಳುತ್ತಾರೆ, ಮನೆಗಳ ಬೆಲೆ ಏರುತ್ತದೆ. ನೇಕಾರ ಲಾಳಿ ನಿಲ್ಲಿಸಿ ಕೇಳಿದ.

"ಬೆಲಿ ಏರಿದ್ರ ಮನಿ ಮಾಲಕ ಬಾಡಿಗಿ ಏರಸ್ತಾನಲ್ರೀ?"

ಹುಡುಗ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ಅವನ ಪರವಾಗಿ, "ಕೊಡಾಕ ಆಗದಿದ್ರ ಬ್ಯಾರೆ ಓಣ್ಯಾಗ ಮನಿ ಹಿಡಿಬೇಕಾಕ್ಕೈತಿ," ಎಂದೆ. ಮೂರ್ಖನ ಮಾತು, ಆಡಿದ ಮೇಲೆ ತಿಳಿಯಿತು.

"ಮಗ್ಗ ಕಿತ್ತು ಹೊತಗೊಂಡು ಹೋಗಬಹುದ್ರೀ ಸರ. ಕುಣಿ ಹೆಂಗ ಹೊತಗೊಂಡು ಹೋಗೂದು?" ಎಂದ.

ಅವನು ಸಿಟ್ಟಿನಿಂದ ಹೇಳಲಿಲ್ಲ. ಕಾಲು ಕುಣಿಯೊಳಗೆ ಇಳಿಬಿಟ್ಟುಕೊಂಡೇ ಹೇಳಿದ. ಆ ಕುಣಿ ತೋಡಿದವನು ಅವನ ತಂದೆಯಂತೆ. ಆ ಓಣಿಗೆ ಹೆಸರು ಬಂದದ್ದು ಇಂಥ ಕುಣಿಗಳಿಂದ. ಹೊರಗಿನವರು ನೋಡಲು ಬರುವುದು ಇವನ್ನೇ. ಬೆಲೆ ಏರಿದರೆ ಅದನ್ನು ಏರಿಸಿದವನು ಇವನೇ. ಆದರೆ ಉತಾರದಲ್ಲಿ ಇವನ ಹೆಸರಿಲ್ಲ, ಪಟ್ಟಿಯ ರಸೀದಿಯಲ್ಲಿ ಇವನ ಹೆಸರಿಲ್ಲ. ಹುಡುಗನ ಲೆಕ್ಕದಲ್ಲಿ ಆಸ್ತಿಯ ಒಡೆಯನಿದ್ದಾನೆ, ಊರಿದೆ, ಸಾಲ ಕೊಟ್ಟವನಿದ್ದಾನೆ. ಹುಲ್ಲು ಹಾಕಿ ಸಾಕಿದವನಿಗೆ ಕಾಲಮ್ಮೇ ಇಲ್ಲ.

ಕೆಂಪು ಸೆರಗಿನ, ನವಿಲು ಬಣ್ಣದ ಸೀರೆ ಕೊಂಡು ಕತ್ತಲಲ್ಲಿ ಮರಳಿದೆವು. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ಅಕ್ಕನನ್ನು ಕೇಳಿದ: "ಅತ್ತಿ, ಒಡ್ಯಾ ನಡುವ ಬಂದು ಕರ ಬಿಡಿಸಿಕೊಂಡು ಹೋದ್ರ?"

"ಹಂಗ ಬಿಡಿಸಿಕೊಂಡು ಹೋಗಾಕ ಬರೂದಿಲ್ಲ. ಅವತ್ತ ಹಿರ್‍ಯಾರನ್ನ ಕರಸಿ ಬೆಲಿ ಕಟ್ಟಿ, ಸಾಕಿದಾಕಿ ಅರ್ಧಾ ಕೈಗಿಟ್ಟು ಹಗ್ಗ ಹಿಡೀಬೇಕು."

ಈ ಪದ್ಧತಿಯನ್ನು ನಾನು ತೆಗೆದುಹಾಕುತ್ತಿಲ್ಲ. ಸಣ್ಣ ಊರುಗಳ ಕೈ ಬರಿದಾಗಿದೆ. ಮೇಲಿನಿಂದ ಬರುವ ಅನುದಾನ ಬಂದಾಗ ಬಂತು, ಇಲ್ಲದಾಗ ಇಲ್ಲ. ಊರು ತನ್ನ ಬೆಳವಣಿಗೆಯನ್ನು ನಂಬಿ ತಾನೇ ಸಾಲ ಎತ್ತಿ ಗಟಾರ ಕಟ್ಟಿಕೊಳ್ಳುವುದು ಮಾನದ ಕೆಲಸ. ಆದರೆ ಯಾವ ದಿನದ ಬೆಲೆಯನ್ನು ಬರೆದಿಡುತ್ತೀರಿ, ಎಲ್ಲಿ ಗೆರೆ ಹೊಡೆಯುತ್ತೀರಿ, ಬೆಳೆಯುವ ಮೊದಲು ಕೇಳುತ್ತೀರೋ ಬೆಳೆದ ಮೇಲೋ, ಸಾಕಿದವರಿಗೆ ಎಷ್ಟು ಕೊಡುತ್ತೀರಿ, ಈ ನಾಲ್ಕನ್ನೂ ಹಳ್ಳಿಯ ಇಬ್ಬರು ಹಿರಿಯರು ಕಟ್ಟೆಯ ಮೇಲೆ ಕುಳಿತು ಬಾಯಿಮಾತಿನಲ್ಲಿ ತೀರ್ಮಾನಿಸುತ್ತಿದ್ದರು. ದೊಡ್ಡ ಕಾಗದದ ಮೇಲೆ ಬರೆಯುವವರಿಗೆ ಅದು ಕಷ್ಟವಾಗಬಾರದು.

ಲಗ್ನ ಚೆನ್ನಾಗಿ ಆಯಿತು. ಹುಡುಗ ಬೆಂಗಳೂರಿಗೆ ಹೋಗಿ ಟಿಪ್ಪಣಿ ಮುಗಿಸಿ ಫೋನು ಮಾಡಿದ. ಲೆಕ್ಕದ ಕೋಷ್ಟಕಕ್ಕೆ ಒಂದು ಕಾಲಮ್ಮು ಹೆಚ್ಚಿಗೆ ಸೇರಿಸಿ, ಮೇಲೆ 'ಸಾಕಿದವರು' ಎಂದು ಬರೆದನಂತೆ. ಏರಿಕೆಯಲ್ಲಿ ಇಷ್ಟು ಪಾಲು ಬಾಡಿಗೆಯ ಮನೆಗಳಲ್ಲಿ ಮಗ್ಗ ಇಟ್ಟವರ ನೆಲೆಗೆ, ಎಂದು ಅದರ ಅರ್ಥ. ಮೇಲಿನವರು, ಇದೇನು ಶಬ್ದ ಎಂದು ಕೇಳಿದರಂತೆ. ಇವನು ಅತ್ತೆಯ ಕಥೆ ಹೇಳಿದನಂತೆ. ಅವರು ಉಳಿಸಿದರೋ ಅಳಿಸಿದರೋ ಇನ್ನೂ ಗೊತ್ತಾಗಿಲ್ಲ.

ಅಕ್ಕ ಮಾತ್ರ ಪ್ರತಿ ರವಿವಾರ ಅವನ ಫೋನು ಬಂದಾಗ ತಪ್ಪದೆ ಕೇಳಿಸುತ್ತಾಳೆ: "ಕರದ ಸುದ್ದಿ ಏನಾತಂತ ಕೇಳು."

ಯಾವ ಕರ ಎಂದು ನಾನು ಅವಳನ್ನು ಕೇಳುವುದಿಲ್ಲ.